ಅಜ್ಜನ ರಿವಾಲ್ವರಿಗೊಂದು ಪೆಟ್ಟಿಗೆ

ನಮ್ಮ ವಾಚಕರಲ್ಲಿ ಹೆಚ್ಚಿನವರ ಮನೆಯಲ್ಲಿ ಕೋವಿ ಇರಲಾರದು. ನನ್ನ ಮನೆಯಲ್ಲಿಯೂ ಇಲ್ಲ. ಆಯುಧಪೂಜೆಯ ದಿನ ನಾವು ಅರಿಸಿನ ಕುಂಕುಮ ಹಚ್ಚುವುದು ಈಳಿಗೆಮಣೆಗೆ, ಕತ್ತರಿಗೆ, ಸ್ಕೂಟರಿಗೆ. ಹೆಚ್ಚೆಂದರೆ ನನ್ನ ಹಳೆಯ ಲೇಖನಿಗೊಂದು ಹೂವು. ಆದರೂ ಈ ವಾರ ಕೋವಿಯ ಮಾತನ್ನೇ ಎತ್ತಿಕೊಂಡಿದ್ದೇನೆ. ಕಾರಣವಿಷ್ಟೆ: ಬೇಸಗೆಯ ರಜೆ ಬಂದಿತೆಂದರೆ ನಮ್ಮ ಮಕ್ಕಳು ನಮ್ಮ ಮನೆಯಲ್ಲಿ ಉಳಿಯುವುದಿಲ್ಲ. ಕೊಡಗಿನ ಕಾಫಿ ತೋಟಕ್ಕೋ, ಮಲೆನಾಡಿನ ಅಡಕೆ ತೋಟಕ್ಕೋ, ಸೈನ್ಯದಿಂದ ನಿವೃತ್ತರಾದ ದೊಡ್ಡಪ್ಪನ ಮನೆಗೋ ಹೊರಟುಬಿಡುತ್ತಾರೆ. ಅಂಥ ಮನೆಗಳಲ್ಲಿ ಅಟ್ಟದ ಮೇಲೋ ಬೀರುವಿನೊಳಗೋ ಅದೊಂದು ಇರುವುದುಂಟು.

ನನ್ನ ಸಹೋದ್ಯೋಗಿಯೊಬ್ಬರು ಕೊಡಗಿನವರು; ಚರಿತ್ರೆಯ ಅಧ್ಯಾಪಕರು. ಅವರ ತಂದೆ ಸೈನ್ಯದಲ್ಲಿದ್ದು, ನಿವೃತ್ತರಾದ ಮೇಲೆ ತೋಟ ನೋಡಿಕೊಂಡಿದ್ದವರು. ಕೊಡವರ ಮನೆಯಲ್ಲಿ ಗಂಡುಮಗು ಹುಟ್ಟಿದರೆ ಆಕಾಶಕ್ಕೆ ಒಂದು ಗುಂಡು ಹಾರಿಸುತ್ತಾರೆ. ಸಾವಾದರೆ ಒಂದರ ಬೆನ್ನಿಗೊಂದರಂತೆ ಎರಡು. ಆ ಹಿರಿಯರು ತೀರಿಕೊಂಡ ಸುದ್ದಿ ಊರಿಗೆ ತಿಳಿದದ್ದೂ ಆ ಎರಡು ಗುಂಡುಗಳಿಂದಲೇ. ಅವರು ಬಿಟ್ಟುಹೋದ ಜೋಡಿನಳಿಗೆಯ ಕೋವಿ ಹಿರಿಯ ಮಗನ ಮನೆಗೆ ಹೋಯಿತು. ಒಂದು ರಿವಾಲ್ವರ್ ಮಾತ್ರ ತಾಯಿಯ ಬಳಿ ಉಳಿಯಿತು. ಅದನ್ನು ಯಾರೂ ಕೇಳಲಿಲ್ಲ, ಆಕೆ ಯಾರಿಗೂ ಕೊಡಲಿಲ್ಲ.

ಕೊಡಗಿನಲ್ಲಿ ಕೋವಿ ಇಟ್ಟುಕೊಳ್ಳುವುದಕ್ಕೆ ಬ್ರಿಟಿಷರ ಕಾಲದಿಂದ ಬಂದ ವಿನಾಯಿತಿಯೊಂದಿದೆ. ಕೊಡವ ಜನಾಂಗದವರಿಗೆ ಮತ್ತು ಜಮ್ಮಾ ಭೂಮಿಯ ಹಿಡುವಳಿದಾರರಿಗೆ ಪರವಾನಗಿಯ ಕಟ್ಟಿಲ್ಲ. ೨೦೧೯ರ ಅಕ್ಟೋಬರಿನಲ್ಲಿ ಕೇಂದ್ರ ಸರಕಾರ ಇದನ್ನು ೨೦೨೯ರ ಅಕ್ಟೋಬರ್ ೩೧ರವರೆಗೆ ಮುಂದುವರಿಸಿತು. ೨೦೨೧ರಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. ಉಳಿದವರೆಲ್ಲ ೧೯೫೯ರ ಶಸ್ತ್ರಾಸ್ತ್ರ ಕಾಯಿದೆಯ ಮೇರೆಗೆ ಪರವಾನಗಿ ಪಡೆಯಬೇಕು. ೨೦೧೬ರ ನಿಯಮಗಳ ಪ್ರಕಾರ ಅರ್ಜಿದಾರನು ಆಯುಧವನ್ನು ಭದ್ರವಾಗಿ ಇರಿಸುವುದಾಗಿ ಬರೆದುಕೊಡಬೇಕು. ಬರೆದುಕೊಡುವುದೇನೋ ಸುಲಭ. ಭದ್ರವೆಂದರೆ ಯಾರಿಂದ ಭದ್ರ ಎಂಬ ಪ್ರಶ್ನೆಯನ್ನು ನಾವು ಕೇಳಿಕೊಳ್ಳುವುದಿಲ್ಲ. ಕೇಳಿಕೊಂಡರೂ ನಮ್ಮ ಕಣ್ಣಿಗೆ ಕಟ್ಟುವುದು ಕಳ್ಳನೇ.

ಕಳೆದ ವರ್ಷದ ಮಾರ್ಚಿಯಲ್ಲಿ ಒಂದು ಸಂಜೆ ನಾನು ಆ ಮಿತ್ರರ ಮನೆಯಲ್ಲಿದ್ದೆ. ಅವರ ಶ್ರೀಮತಿಯವರು ಕಾಫಿ ತಂದಿಟ್ಟು, "ನೀವೇ ಹೇಳಿ ಮೇಷ್ಟ್ರೆ, ಊರಿನ ಮನೆಯಲ್ಲಿ ಆ ರಿವಾಲ್ವರನ್ನು ಸೀರೆಗಳ ನಡುವೆ ಇಟ್ಟಿದ್ದಾರೆ. ಮಕ್ಕಳನ್ನು ಎರಡು ತಿಂಗಳು ಅಲ್ಲಿ ಬಿಡುವುದು ಹೇಗೆ?" ಎಂದರು. ಮಿತ್ರರು ನಕ್ಕರು. "ಇಪ್ಪತ್ತು ವರ್ಷದಿಂದ ಅಲ್ಲೇ ಇದೆ. ಬೀರುವಿಗೆ ಬೀಗವಿದೆ. ಮಕ್ಕಳಿಗೆ ಅದು ಎಲ್ಲಿದೆಯೆಂಬುದೇ ಗೊತ್ತಿಲ್ಲ."

ಅವರ ಒಂಬತ್ತು ವರ್ಷದ ಮಗಳು ನೆಲದ ಮೇಲೆ ಕುಳಿತು ಚಿತ್ರಕ್ಕೆ ಬಣ್ಣ ತುಂಬುತ್ತಿದ್ದಳು. ತಲೆಯನ್ನೂ ಎತ್ತದೆ, "ಅಜ್ಜಿಯ ಬೀರುವಿನಲ್ಲಿ, ಕೆಂಪು ಸೀರೆಯ ಕೆಳಗೆ. ಬೀಗದ ಕೈ ಗಣಪತಿಯ ಪಟದ ಹಿಂದೆ. ತಮ್ಮನಿಗೂ ಗೊತ್ತು" ಎಂದಳು. ತಮ್ಮನಿಗೆ ಆಗ ಆರು ವರ್ಷ.

ನಮ್ಮ ಕೈಯ ಕಾಫಿ ಆರಿತು. ಮಗು ಹಸಿರು ಬಣ್ಣ ಮುಗಿಸಿ ನೀಲಿಯನ್ನು ತೆಗೆದುಕೊಂಡಿತು.

ಇದು ಒಂದು ಮನೆಯ ಕಥೆಯಲ್ಲವೆಂದು ಅನಂತರ ಓದಿ ತಿಳಿದೆ. ಕೋವಿಗಳು ಮನೆಮನೆಯಲ್ಲಿರುವ ಅಮೆರಿಕದಲ್ಲಿ, ಅಲಬಾಮಾ ರಾಜ್ಯದ ಹಳ್ಳಿಗಾಡಿನ ಚಿಕಿತ್ಸಾಲಯವೊಂದರಲ್ಲಿ ತಂದೆತಾಯಿಯರನ್ನೂ ಮಕ್ಕಳನ್ನೂ ಬೇರೆಬೇರೆಯಾಗಿ ಕೇಳಿ ನೋಡಿದ ಪರಿಶೀಲನೆಯೊಂದು ೨೦೦೬ರಲ್ಲಿ ಪ್ರಕಟವಾಯಿತು. ಕೋವಿ ಎಲ್ಲಿದೆಯೆಂದು ಮಗುವಿಗೆ ತಿಳಿಯದು ಎಂದ ಹಿರಿಯರಲ್ಲಿ ನೂರಕ್ಕೆ ೩೯ ಮಂದಿಯ ಮಕ್ಕಳು, ತಿಳಿದಿದೆ ಎಂದರು. ಮಗು ಅದನ್ನು ಮುಟ್ಟಿಯೇ ಇಲ್ಲ ಎಂದ ಹಿರಿಯರಲ್ಲಿ ನೂರಕ್ಕೆ ೨೨ ಮಂದಿಯ ಮಕ್ಕಳು, ಮುಟ್ಟಿದ್ದೇವೆ ಎಂದರು.

"ನಾವು ಬುದ್ಧಿ ಹೇಳಿದ್ದೇವೆ, ನಮ್ಮ ಮಕ್ಕಳು ಅಂಥವರಲ್ಲ" ಎನ್ನುವವರೂ ಇದ್ದಾರೆ. ಅವರಿಗಾಗಿ ಇನ್ನೊಂದು ಪರಿಶೀಲನೆಯ ಮಾತು. ಅದು ೨೦೦೧ರಲ್ಲಿ ಪ್ರಕಟವಾದದ್ದು. ಎಂಟರಿಂದ ಹನ್ನೆರಡು ವರ್ಷದ ಹುಡುಗರನ್ನು ಇಬ್ಬರು ಮೂವರಂತೆ ಒಂದು ಕೋಣೆಯಲ್ಲಿ ಬಿಟ್ಟು, ಆಚೆಯಿಂದ ನೋಡುತ್ತಿದ್ದರು. ಕೋಣೆಯ ಡ್ರಾಯರೊಂದರಲ್ಲಿ ನಿಜವಾದ, ಆದರೆ ಗುಂಡಿಲ್ಲದ ಕೈಕೋವಿಯೊಂದಿತ್ತು. ಒಟ್ಟು ೨೯ ಗುಂಪುಗಳಲ್ಲಿ ೨೧ ಗುಂಪುಗಳವರು ಅದನ್ನು ಕಂಡುಹಿಡಿದರು. ಅವುಗಳಲ್ಲಿ ೧೬ ಗುಂಪುಗಳಲ್ಲಿ ಕೈಗೆತ್ತಿಕೊಂಡರು. ಹತ್ತರಲ್ಲಿ ಯಾರಾದರೊಬ್ಬನು ಕುದುರೆಯನ್ನು, ಎಂದರೆ ಟ್ರಿಗರನ್ನು, ಎಳೆದೇಬಿಟ್ಟ. ಕೈಗೆತ್ತಿಕೊಂಡ, ಕುದುರೆ ಎಳೆದ ಹುಡುಗರಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿಗೆ ಕೋವಿಯ ಅಪಾಯದ ಬಗ್ಗೆ ಯಾರೋ ಮೊದಲೇ ಬುದ್ಧಿ ಹೇಳಿದ್ದರು. ನಾನು ಅಧ್ಯಾಪಕ, ಬುದ್ಧಿ ಹೇಳುವುದೇ ನನ್ನ ಕಸುಬು. ಹೇಳಿದ್ದರಲ್ಲಿ ಎಷ್ಟು ನಿಲ್ಲುತ್ತದೆಂಬುದನ್ನು ವರ್ಷಕ್ಕೆರಡು ಬಾರಿ ಉತ್ತರಪತ್ರಿಕೆಗಳಲ್ಲಿ ಕಾಣುತ್ತಿರುವುದರಿಂದ ಈ ಲೆಕ್ಕ ನನಗೆ ಆಶ್ಚರ್ಯವನ್ನುಂಟುಮಾಡಲಿಲ್ಲ.

ಆರು ವರ್ಷದ ಬೆರಳಿಗೆ ಅಷ್ಟು ಬಲವಿದ್ದೀತೆ ಎಂದು ಮಿತ್ರರು ಕೇಳಿದರು. ಇದೆ. ಅದನ್ನೂ ಅಮೆರಿಕದ ವೈದ್ಯರು ಅಳೆದು ೧೯೯೫ರಲ್ಲಿ ಪ್ರಕಟಿಸಿದ್ದಾರೆ: ಮೂರು ನಾಲ್ಕು ವರ್ಷದ ಮಕ್ಕಳಲ್ಲಿಯೇ ಕಾಲುಭಾಗದಷ್ಟು ಮಂದಿ, ಐದಾರು ವರ್ಷದವರಲ್ಲಿ ನೂರಕ್ಕೆ ೭೦ ಮಂದಿ ಹೆಚ್ಚಿನ ಕೈಕೋವಿಗಳ ಕುದುರೆಯನ್ನು ಎಳೆಯಬಲ್ಲರು.

ಆ ರಾತ್ರಿಯೇ ಮಿತ್ರರು ಊರಿನಲ್ಲಿದ್ದ ಅಣ್ಣನಿಗೆ ದೂರವಾಣಿ ಮಾಡಿದರು. ಮರುದಿನ ಅಣ್ಣ ತಾಯಿಯ ಮನೆಗೆ ಹೋಗಿ ಬೀರು ತೆರೆದು, ರಿವಾಲ್ವರಿನ ಉರುಳೆಯನ್ನು ಹೊರಕ್ಕೆ ಬಾಗಿಸಿ ನೋಡಿದರೆ, ಆರು ಕುಳಿಗಳಲ್ಲಿಯೂ ತೋಟಾ! ಬರಿದಾಗಿದೆಯೆಂದೇ ಎಲ್ಲರೂ ತಿಳಿದಿದ್ದರು. ಕಾಯಿಲೆಯ ದಿನಗಳಲ್ಲಿ, ಅಪರಾತ್ರಿ ಏನಾದರೂ ಸದ್ದಾದರೆ ಬೇಕಾದೀತೆಂದು ಮುದುಕರು ತುಂಬಿಟ್ಟಿದ್ದರೋ ಏನೋ, ಕೇಳುವುದಕ್ಕೆ ಅವರಿಲ್ಲ. ಆ ತಾಯಿ ಅಲ್ಲಿಯೇ ಮಂಚದ ಮೇಲೆ ಕುಳಿತುಬಿಟ್ಟರಂತೆ. ದಿನವೂ ಸೀರೆ ತೆಗೆಯಲು ಅದರ ಪಕ್ಕದಲ್ಲಿಯೇ ಕೈಯಾಡಿಸಿದವರು ಅವರು.

ಹೀಗೆ ಪೆಟ್ಟಿಗೆಯ ಬೇಟೆ ಮೊದಲಾಯಿತು. ಒಂದು ಶನಿವಾರ ನಾವಿಬ್ಬರೂ ಬೆಂಗಳೂರಿನ ಪೇಟೆಯ ಅಂಗಡಿಯೊಂದಕ್ಕೆ ಹೋದೆವು. ತಿಜೋರಿಗಳ ಸಾಲೇ ಅಲ್ಲಿತ್ತು. ಅಂಗಡಿಯವರು ಮೊದಲು ತೋರಿಸಿದ್ದು ಇಬ್ಬರು ಹೊರಬೇಕಾದಂಥ ದಪ್ಪ ಬಾಗಿಲಿನದು. "ಕಳ್ಳ ಗಂಟೆಗಟ್ಟಲೆ ಬಡಿದರೂ ಜಗ್ಗುವುದಿಲ್ಲ ಸಾರ್" ಎಂದರು. ಒಳ್ಳೆಯದೇ. ಆದರೆ ಕಳ್ಳನ ಲೆಕ್ಕವೇ ಬೇರೆ. ಅಮೆರಿಕದಲ್ಲಿ ಮನೆಬಳಕೆಯ ತಿಜೋರಿಗಳಿಗೆ ಯು.ಎಲ್. ಎಂಬ ಸಂಸ್ಥೆ ಕೊಡುವ ಮೊದಲ ದರ್ಜೆಯ ಮುದ್ರೆಗೆ ಬೇಕಾದದ್ದು, ಸಾಮಾನ್ಯ ಕೈಸಲಕರಣೆಗಳ ಏಟನ್ನು ಐದು ನಿಮಿಷ ತಡೆಯುವ ಶಕ್ತಿ. ಕಳ್ಳನಿಗೆ ಇರುವುದು ಅಂಥ ಕೆಲವೇ ನಿಮಿಷಗಳ ಅವಕಾಶ. ಮೊಮ್ಮಗನಿಗೆ ಎರಡು ತಿಂಗಳ ರಜೆಯಿದೆ, ಮಧ್ಯಾಹ್ನ ಅಜ್ಜಿ ಮಲಗಿರುತ್ತಾಳೆ, ಮಾಡಲು ಬೇರೆ ಕೆಲಸವಿಲ್ಲ. ಅವನು ಸುತ್ತಿಗೆ ಹಿಡಿದು ಬರುವವನಲ್ಲ. ಬೆರಳನ್ನು ನೋಡುತ್ತಾನೆ, ನೆನಪಿಟ್ಟುಕೊಳ್ಳುತ್ತಾನೆ, ಮತ್ತೆ ಮತ್ತೆ ಪ್ರಯತ್ನಿಸುತ್ತಾನೆ. ಪೆಟ್ಟಿಗೆಯನ್ನು ಆರಿಸಬೇಕಾದದ್ದು ಅವನ ಎದುರಿಗೆ.

ಈ ದೃಷ್ಟಿಯಿಂದ ನೋಡತೊಡಗಿದೊಡನೆ ಆ ಸಾಲಿನಲ್ಲಿದ್ದ ಬಹಳಷ್ಟು ಪೆಟ್ಟಿಗೆಗಳು ತಾವಾಗಿಯೇ ಉದುರಿಹೋದವು. ಮೂರು ಅಂಕೆಗಳನ್ನು ತಿರುಗಿಸಿ ಕೂಡಿಸುವ ಬೀಗವೊಂದಿತ್ತು. ಅದರಲ್ಲಿ ಸಾಧ್ಯವಿರುವ ಸಂಖ್ಯೆಗಳು ಒಂದು ಸಾವಿರ ಮಾತ್ರ. ಒಂದೊಂದಕ್ಕೆ ನಾಲ್ಕು ಸೆಕೆಂಡಾದರೂ ಒಂದು ಗಂಟೆ ಏಳು ನಿಮಿಷಗಳಲ್ಲಿ ಎಲ್ಲವೂ ಮುಗಿಯಿತು. ಅಜ್ಜಿಯ ನಿದ್ದೆ ಅದಕ್ಕಿಂತ ದೀರ್ಘ. ನಾಲ್ಕು ಅಂಕೆಗಳಾದರೆ ಹತ್ತು ಸಾವಿರ, ಸುಮಾರು ಹನ್ನೊಂದು ಗಂಟೆಯ ಕೆಲಸ. ಹಟ ಹಿಡಿದ ಹುಡುಗನಿಗೆ ಒಂದು ವಾರದ ಆಟ. ಆದುದರಿಂದ ಅಂಕೆಗಳು ಹೆಚ್ಚಾಗಿರಬೇಕು, ಜೊತೆಗೆ ಮೂರು ನಾಲ್ಕು ಸಲ ತಪ್ಪಿದೊಡನೆ ಕೆಲವು ನಿಮಿಷ ಮರಗಟ್ಟಿ ನಿಲ್ಲುವ ಬೀಗವಾಗಿರಬೇಕು. ಸಂಖ್ಯೆಯಾಗಿ ಹುಟ್ಟಿದ ದಿನ, ಮದುವೆಯ ದಿನ, ಕಾರಿನ ನಂಬರು ಇವುಗಳನ್ನು ಇಟ್ಟರೆ ಇಡದೆ ಇದ್ದಂತೆಯೇ.

ಬೆರಳಚ್ಚಿನಿಂದ ತೆರೆಯುವ ಪೆಟ್ಟಿಗೆಯನ್ನು ಅಂಗಡಿಯವರು ಬಹಳ ಹೊಗಳಿದರು. ಅದರ ವಿಷಯದಲ್ಲಿ ವಾಚಕರು ಒಂದು ಸಂಗತಿಯನ್ನು ತಿಳಿದಿರಬೇಕು. ೨೦೨೩ರ ಅಕ್ಟೋಬರಿನಲ್ಲಿ ಅಮೆರಿಕದಲ್ಲಿ ಅಂಥ ಸುಮಾರು ೬೧,೦೦೦ ಪೆಟ್ಟಿಗೆಗಳನ್ನು ಮಾರುಕಟ್ಟೆಯಿಂದ ಹಿಂದಕ್ಕೆ ಕರೆಸಬೇಕಾಯಿತು. ಮಾಲೀಕರು ತಮ್ಮ ಬೆರಳಚ್ಚನ್ನು ದಾಖಲು ಮಾಡಿದ್ದೇವೆಂದು ತಿಳಿದಿದ್ದರು. ಆದರೆ ಪೆಟ್ಟಿಗೆ ಕಾರ್ಖಾನೆಯಿಂದ ಬಂದ ಸ್ಥಿತಿಯಲ್ಲಿಯೇ ಇದ್ದು ಯಾರ ಬೆರಳಿಗಾದರೂ ತೆರೆದುಕೊಳ್ಳುತ್ತಿತ್ತು. ಹನ್ನೆರಡು ವರ್ಷದ ಬಾಲಕನೊಬ್ಬನ ಮರಣದ ದಾವೆಯೂ ಆ ದೂರುಗಳಲ್ಲಿತ್ತು. ಬೆರಳಚ್ಚಿನ ಬೀಗವೇ ಬೇಕೆಂಬವರು ಅದನ್ನು ಬರಿದಾಗಿರುವಾಗಲೇ ಮನೆಯವರೆಲ್ಲರ ಹತ್ತೂ ಬೆರಳುಗಳಿಂದ ಪರೀಕ್ಷಿಸಿ, ಆಮೇಲೆ ನಂಬಲಿ.

ಇನ್ನು ಸಂಖ್ಯೆಯ ಗುಂಡಿಗಳುಳ್ಳ ಒಂದು ಚಿಕ್ಕ ಪೆಟ್ಟಿಗೆ. ನೋಡಲು ಮುದ್ದಾಗಿತ್ತು, ಬೆಲೆಯೂ ಕಡಿಮೆ. ಮಿತ್ರರು ಆಗಲೇ ಜೇಬಿಗೆ ಕೈಹಾಕಿದ್ದರು. ನನಗೆ ಓದಿದ್ದೊಂದು ನೆನಪಾಯಿತು. ಇಂಥವುಗಳಲ್ಲಿ ಅಗುಳಿಯನ್ನು ತಡೆದಿಡುವುದು ಒಂದು ಸಣ್ಣ ಕಬ್ಬಿಣದ ಕಡ್ಡಿ. ಅದರ ಹಿಂದೆ ಮೃದುವಾದ ಸ್ಪ್ರಿಂಗು. ವಿದ್ಯುತ್ತು ಹರಿದಾಗ ಅಯಸ್ಕಾಂತದ ಸೆಳೆತಕ್ಕೆ ಕಡ್ಡಿ ಹಿಂಜರಿಯುತ್ತದೆ. ಸ್ಪ್ರಿಂಗು ತೀರ ಮೃದುವಾಗಿದ್ದರೆ ಏಟಿನ ಅದುರಿಗೂ ಕಡ್ಡಿ ಕ್ಷಣಕಾಲ ಜಿಗಿಯುತ್ತದೆ. ೨೦೧೨ರಲ್ಲಿ ಅಮೆರಿಕದ ಬೀಗತಜ್ಞರೊಬ್ಬರು, ಕೋವಿಗೆಂದೇ ಮಾರುವ ಅಂಥ ಪೆಟ್ಟಿಗೆಗಳನ್ನು ಮೂರು ವರ್ಷದ ಮಗುವೂ ತೆರೆಯಬಲ್ಲದೆಂದು ತೋರಿಸಿಕೊಟ್ಟಿದ್ದರು. ಅಂಗಡಿಯವರ ಅಪ್ಪಣೆ ಪಡೆದು ಮಿತ್ರರು ಒಂದು ಕೈಯಲ್ಲಿ ಗುಬ್ಬಿಯನ್ನು ತಿರುಗಿಸುತ್ತ ಇನ್ನೊಂದು ಮುಷ್ಟಿಯಿಂದ ಪೆಟ್ಟಿಗೆಯ ತಲೆಯ ಮೇಲೆ ಗುದ್ದಿದರು. ಮೊದಲ ಗುದ್ದಿಗೆ ಏನೂ ಆಗಲಿಲ್ಲ. ಮೂರನೆಯದಕ್ಕೆ ಬಾಗಿಲು ತೆರೆಯಿತು. ಅಂಗಡಿಯವರು ಪೆಟ್ಟಿಗೆಯನ್ನೊಮ್ಮೆ, ಮಿತ್ರರ ಮುಷ್ಟಿಯನ್ನೊಮ್ಮೆ ನೋಡಿ, ಒಳಗಿನಿಂದ ಬೇರೆಯದನ್ನು ತರುವಂತೆ ಹುಡುಗನಿಗೆ ಕೂಗಿ ಹೇಳಿದರು.

ಕೊನೆಗೆ ಕೊಂಡದ್ದು ಸಣ್ಣ ಮೋಟಾರಿನಿಂದ ಅಗುಳಿ ಸರಿಯುವ ಪೆಟ್ಟಿಗೆ. ಗುದ್ದಿಗೂ ಎತ್ತಿ ಕುಕ್ಕಿದ್ದಕ್ಕೂ ಅದು ಜಗ್ಗಲಿಲ್ಲ. ಆರು ಅಂಕೆ, ತಪ್ಪಿದರೆ ಮರಗಟ್ಟುವ ಏರ್ಪಾಡು, ಬ್ಯಾಟರಿಯನ್ನು ಹೊರಗಿನಿಂದಲೇ ಬದಲಾಯಿಸಬಹುದು. ತಳದಲ್ಲಿಯೂ ಬೆನ್ನಿನಲ್ಲಿಯೂ ಬೋಲ್ಟಿನ ತೂತುಗಳಿವೆ. ಈ ತೂತುಗಳು ಅಲಂಕಾರಕ್ಕಲ್ಲ. ಏಳೆಂಟು ಕಿಲೋ ತೂಕದ ಪೆಟ್ಟಿಗೆಯನ್ನು ಗೋಡೆಗೆ ಬಿಗಿಯದೆ ಬಿಟ್ಟರೆ ಹತ್ತು ವರ್ಷದ ಹುಡುಗ ಅದನ್ನೆತ್ತಿಕೊಂಡು ಕಾಫಿ ಕಣಕ್ಕೆ ಒಯ್ದಾನು. ಅಲ್ಲಿ ಸುತ್ತಿಗೆಯೂ ಸಿಕ್ಕೀತು, ಸ್ನೇಹಿತರೂ ಸಿಕ್ಕಾರು.

ಆದರೆ ಆ ಪೆಟ್ಟಿಗೆಯ ಜೊತೆಗೆ ಎರಡು ಬೀಗದ ಕೈಗಳು ಬಂದವು. ಬ್ಯಾಟರಿ ಸತ್ತರೆ, ಸಂಖ್ಯೆ ಮರೆತರೆ ತುರ್ತಿಗೆ ಇರಲೆಂದು. ಮಿತ್ರರ ಶ್ರೀಮತಿಯವರು ಅವನ್ನು ನೋಡಿದವರೇ, "ಇವನ್ನೆಲ್ಲಿಡುತ್ತೀರಿ, ಗಣಪತಿಯ ಪಟದ ಹಿಂದೆಯೋ?" ಎಂದರು. ಅದೇ ಸರಿಯಾದ ಪ್ರಶ್ನೆ. ಮನೆಯೊಳಗೆ ಎಲ್ಲಿಟ್ಟರೂ ಆ ಕೈಗಳು ಹಳೆಯ ಬೀರುವಿನ ಕಥೆಯನ್ನೇ ಮತ್ತೆ ಹೇಳುತ್ತವೆ. ಅವು ಈಗ ಬ್ಯಾಂಕಿನ ಲಾಕರಿನಲ್ಲಿವೆ.

ರಜೆಗೆ ಮೊದಲೇ ಊರಿನಲ್ಲಿ ಪೆಟ್ಟಿಗೆಯನ್ನು ಗೋಡೆಗೆ ಬಿಗಿಸಿದರು. ತೋಟಾಗಳು ಅದರೊಳಗಿಲ್ಲ, ಅಣ್ಣನ ಮನೆಯಲ್ಲಿ ಬೇರೆ ಬೀಗದ ಕೆಳಗಿವೆ. ಕೋವಿ ಬರಿದಾಗಿರಬೇಕು, ಅದಕ್ಕೆ ಬೀಗವಿರಬೇಕು, ತೋಟಾ ಬೇರೆಡೆ ಇರಬೇಕು, ಅದಕ್ಕೂ ಬೀಗವಿರಬೇಕು: ಈ ನಾಲ್ಕರಲ್ಲಿ ಪ್ರತಿಯೊಂದೂ ಮಕ್ಕಳ ಅಪಾಯವನ್ನು ಕಡಿಮೆ ಮಾಡುತ್ತದೆಂದು ೨೦೦೫ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ಕಂಡುಕೊಂಡಿದೆ. ಕೊಡಗಿನ ಮಳೆಗಾಲಕ್ಕೆ ಒಂದು ವಿಶೇಷ ಜಾಗ್ರತೆಯೂ ಬೇಕಾಯಿತು. ಹಿರಿಯರು ರಿವಾಲ್ವರನ್ನು ತೊಗಲಿನ ಚೀಲದಲ್ಲಿಟ್ಟಿದ್ದರು. ತೊಗಲು ತೇವವನ್ನು ಹೀರಿ ಹಿಡಿದಿಡುತ್ತದೆ, ಉಕ್ಕು ತುಕ್ಕು ಹಿಡಿಯುತ್ತದೆ. ಈಗ ತೆಳುವಾಗಿ ಎಣ್ಣೆ ಸವರಿ, ತೇವ ಹೀರುವ ಸಿಲಿಕಾ ಹರಳುಗಳ ಪೊಟ್ಟಣದೊಂದಿಗೆ ಇಟ್ಟಿದ್ದಾರೆ. ಮಳೆಗಾಲ ಕಳೆದೊಡನೆ ಹರಳು, ಬ್ಯಾಟರಿ ಎರಡನ್ನೂ ಬದಲಾಯಿಸುವುದೆಂದು ಗೊತ್ತುಮಾಡಿದ್ದಾರೆ.

ಸಂಖ್ಯೆ ಯಾರಿಗೆ ತಿಳಿದಿರಬೇಕು ಎಂಬುದರ ಮೇಲೆ ಸ್ವಲ್ಪ ಚರ್ಚೆಯಾಯಿತಂತೆ. ಅಣ್ಣನ ಮಗ ಪಿ.ಯು.ಸಿ. ಓದುವವನು, ಜವಾಬ್ದಾರಿಯುಳ್ಳ ಹುಡುಗ. ಅವನಿಗೆ ಹೇಳಿದರೆ ಅಜ್ಜಿಗೆ ಸಹಾಯವಾಗುತ್ತದೆ ಎಂದರು ಅಣ್ಣ. ಬೇಡವೆಂದು ನಾನು ಬಲವಾಗಿ ಹೇಳಿದೆ. ಹದಿಹರೆಯದವರ ನಡುವೆಯೇ ದಿನ ಕಳೆಯುವವನು ನಾನು. ನಗುನಗುತ್ತಿದ್ದ ಹುಡುಗ ಫಲಿತಾಂಶದ ಮರುದಿನ ಮಂಕಾಗಿ ನಿಲ್ಲುವುದನ್ನು ಕಂಡಿದ್ದೇನೆ. ಆ ಕತ್ತಲೆ ಬಹಳ ಸಲ ಕೆಲವು ಗಂಟೆಗಳದು, ಹೆಚ್ಚೆಂದರೆ ಕೆಲವು ದಿನಗಳದು; ಯಾರಾದರೂ ಪಕ್ಕದಲ್ಲಿ ಕುಳಿತು ಮಾತಾಡಿದರೆ ಹಗುರವಾಗುತ್ತದೆ. ಆ ಹೊತ್ತಿನಲ್ಲಿ ಕೈಗೆ ಏನು ಸಿಗುತ್ತದೆ ಎಂಬುದರ ಮೇಲೆ ಒಂದು ಜೀವ ನಿಂತಿರಬಹುದು. ಮನೆಯಲ್ಲಿ ಯಾರಾದರೂ, ಹಿರಿಯರೇ ಆಗಲಿ ಕಿರಿಯರೇ ಆಗಲಿ, ಮನಸ್ಸು ಕುಗ್ಗಿದವರಿದ್ದರೆ ಪೆಟ್ಟಿಗೆಯೂ ಸಾಲದು; ಆಯುಧವನ್ನೇ ಮನೆಯಿಂದ ಆಚೆ ಕಳುಹಿಸಬೇಕು. ಪೊಲೀಸು ಠಾಣೆಯಲ್ಲಿ ಇಲ್ಲವೆ ಪರವಾನಗಿಯುಳ್ಳ ಆಯುಧ ವ್ಯಾಪಾರಿಗಳಲ್ಲಿ ಅದನ್ನು ಒಪ್ಪಿಸಿ ಇರಿಸುವುದಕ್ಕೆ ಕಾನೂನಿನಲ್ಲಿಯೇ ಅವಕಾಶವಿದೆ. ಚುನಾವಣೆ ಬಂತೆಂದರೆ ಕೋವಿಗಳನ್ನು ಠಾಣೆಗೆ ಒಪ್ಪಿಸುವ ರೂಢಿ ನಮ್ಮಲ್ಲಿ ಇದ್ದೇ ಇದೆ. ಮನೆಯ ಸಂಕಟಕ್ಕೆ ಅಷ್ಟೂ ಮಾಡಲಾರೆವೆ?

ಪರರ ಮನೆಗೆ ಮಕ್ಕಳನ್ನು ಕಳುಹಿಸುವವರು ಮುಂಚೆಯೇ ಒಂದು ಮಾತು ಕೇಳಬೇಕೆಂಬುದು ನನ್ನ ಅಭಿಪ್ರಾಯ. ಅಮೆರಿಕದಲ್ಲಿ ನೆಲಸಿರುವ ನಮ್ಮ ಕನ್ನಡದ ಕುಟುಂಬಗಳಿಗಂತೂ ಇದು ದಿನನಿತ್ಯದ ಮಾತು. ಮಗು ಆಡಲು ಹೋಗುವ ನೆರೆಮನೆಯಲ್ಲಿ ಕೋವಿಯಿದೆಯೆ, ಬೀಗದಲ್ಲಿದೆಯೆ ಎಂದು ಕೇಳಿರೆಂದು ಅಲ್ಲಿಯ ಮಕ್ಕಳ ವೈದ್ಯರೇ ಹೇಳುತ್ತಾರೆ. ನಮ್ಮಲ್ಲಿ ದೊಡ್ಡಪ್ಪನನ್ನು ಹಾಗೆ ಕೇಳಲು ಸಂಕೋಚವಾದೀತು. "ನಾಯಿ ಕಟ್ಟಿಹಾಕಿದ್ದೀರಾ ದೊಡ್ಡಪ್ಪ, ಬಾವಿಗೆ ಜಾಲರಿ ಹಾಕಿಸಿದಿರಾ?" ಎಂದು ಕೇಳುತ್ತೇವಲ್ಲ, ಅದೇ ಉಸಿರಿನಲ್ಲಿ ಇದನ್ನೂ ಕೇಳಿಬಿಡಬಹುದು.

ಸೆಪ್ಟೆಂಬರಿನ ಮೊದಲ ವಾರ, ನಾಟಿಯ ಕೆಲಸ ಮುಗಿದು ಕೈಲ್‌ಪೊಳ್ದ್ ಹಬ್ಬ ಬಂದಾಗ ಮಿತ್ರರು ನನ್ನನ್ನು ಊರಿಗೆ ಕರೆದೊಯ್ದರು. ಅದು ಕೊಡವರ ಆಯುಧಪೂಜೆ. ತೊಳೆದು ಒರೆಸಿದ ಕೋವಿಗಳನ್ನು ದೀಪದ ಮುಂದೆ ಒರಗಿಸಿ, ನಳಿಗೆಯ ಬಾಯಿಗೆ ತೋಕ್‌ಪೂ ಸಿಕ್ಕಿಸಿದ್ದರು. ತೋಕ್ ಎಂದರೆ ಕೋವಿ. ಕೆಂಪು ಹಳದಿ ಎಸಳುಗಳು ಬೆಂಕಿಯ ನಾಲಗೆಯಂತೆ ಮೇಲಕ್ಕೆ ಚಾಚಿದ ಆ ಹೂವನ್ನು ನಾವು ಅಗ್ನಿಶಿಖೆಯೆಂದು ಕರೆಯುತ್ತೇವೆ. ಅದರ ಗಡ್ಡೆಯಿಂದ ಎಲೆಯವರೆಗೆ ಎಲ್ಲವೂ ವಿಷವೆಂಬುದನ್ನು ಅಲ್ಲಿಯ ಮಕ್ಕಳೂ ಬಲ್ಲರು.

ಮಿತ್ರರು ಒಳಗೆ ಒಬ್ಬರೇ ಹೋಗಿ ಪೆಟ್ಟಿಗೆ ತೆರೆದು ರಿವಾಲ್ವರನ್ನು ತಂದರು. ಅಣ್ಣ ಅದರ ಉರುಳೆಯನ್ನು ಬಾಗಿಸಿ ಬೆಳಕಿಗೆ ಹಿಡಿದು, ಆರು ತೂತುಗಳಲ್ಲಿಯೂ ಆಕಾಶ ಕಾಣುವುದನ್ನು ಎಲ್ಲರಿಗೂ ತೋರಿಸಿದ ಮೇಲೆ ಅದು ದೀಪದ ಮುಂದೆ ಕುಳಿತಿತು. ಮಧ್ಯಾಹ್ನ ಬಯಲಿನಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ. ಆಮೇಲೆ ಊಟ, ಅವರಿಗೆ ಹಂದಿಯ ಮಾಂಸ, ಕಡಂಬುಟ್ಟು, ನನ್ನ ಪಾಲಿಗೆ ಕಡಂಬುಟ್ಟಿನೊಂದಿಗೆ ಕಳಲೆಯ ಪಲ್ಯ. ನೆಂಟರು ಒಬ್ಬೊಬ್ಬರಾಗಿ ಬಂದು ಕೂರತೊಡಗಿದರು, ಗ್ಲಾಸುಗಳೂ ಹೊರಬಂದವು.

ಆಗ ಅಡಿಗೆಮನೆಯಿಂದ ಆ ತಾಯಿಯ ಧ್ವನಿ ಕೇಳಿತು: "ಒಳಗಿಟ್ಟೆಯಾ?"

"ಇಟ್ಟೆ, ಅವ್ವ. ಪಂದ್ಯಕ್ಕೆ ಹೊರಡುವ ಮೊದಲೇ ಇಟ್ಟೆ" ಎಂದರು ಮಿತ್ರರು.

ಆಕೆ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದು, ನಮ್ಮ ಮುಂದೆಯೇ ಹಾದು ಕೋಣೆಗೆ ಹೋದರು. ಪೆಟ್ಟಿಗೆಯ ಗುಬ್ಬಿಯನ್ನು ಎರಡು ಸಲ ಎಳೆದು ನೋಡಿದ ಸದ್ದು ಕೇಳಿತು. ಹಿಂತಿರುಗಿ ಬಂದು, ಎಲೆ ಹಾಕಿರೆಂದು ಮಕ್ಕಳಿಗೆ ಹೇಳಿದರು.